ಕಂಡವನ ವೀಳ್ಯ

"ಯಾವ ಗನ್ನು ಕಣಣ್ಣ? ಫೋನಲ್ಲಿ ನೋಡ್ದೆ, ಇಪ್ಪತ್ತು ತರದವು ಅವೆ. ನೀನೇ ಒಂದಕ್ಕೆ ಬೆಟ್ಟು ಮಾಡಿ ತೋರ್ಸು."

ಮಡಕಶಿರಾ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಕಲ್ಲುಕುಟಿಗ ಶಿವಶಂಕರ ಫೋನನ್ನು ಮುಂದೆ ಹಿಡಿದಿದ್ದ. ಅವನ ಹಿಂದೆ ಆಳೆತ್ತರದ ಕರಿಕಲ್ಲು. ಮೇಲಿನ ಎರಡು ಅಂಕಣಗಳ ಕೆತ್ತನೆ ಮುಗಿದಿತ್ತು. ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಅದರ ಕೆಳಗೆ ಅವನನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುವ ಇಬ್ಬರು ದೇವಕನ್ಯೆಯರು. ಇಬ್ಬರಿಗೂ ಶಿವಶಂಕರನ ಹೆಂಡತಿ ನಾಗವೇಣಿಯ ಗಿಣಿಮೂಗು. ಕಣ್ಣೆದುರು ಇದ್ದವರ ಮುಖವೇ ಅವನ ಉಳಿಗೆ ಬರುತ್ತಿತ್ತು. ಸುತ್ತಲಿನ ಊರುಗಳ ಮಾರಮ್ಮಗಳಿಗೆಲ್ಲ ಅದೇ ಮೂಗು. ಕಲ್ಲಿನ ಕೆಳಗಿನ ಅಂಕಣ ಮಾತ್ರ ಖಾಲಿ. ವೀರ ಹೇಗೆ ಸತ್ತ ಎಂಬುದನ್ನು ಕೆತ್ತುವ ಜಾಗ ಅದು.

ಬೋರಣ್ಣ ಫೋನಿನತ್ತ ನೋಡಲಿಲ್ಲ. "ನಾಳೆ ಹೇಳ್ತೀನಿ ಬಿಡು" ಎಂದು ಗಾಡಿ ಹತ್ತಿದ.

ಬೋರಣ್ಣನ ಊರು ಆಂಧ್ರಕ್ಕೆ ಸೇರಿದ ಅಮರಾಪುರದಿಂದ ಒಳಕ್ಕಿರುವ ಕೆಂಚನಹಟ್ಟಿ. ಅಪ್ಪನ ಕುರಿಗಳ ಹಿಂದೆ ಓಡಿ ಓಡಿಯೇ ಅವನು ಅನಂತಪುರದ ಸೇನಾ ಭರ್ತಿಯ ಓಟದಲ್ಲಿ ಗೆದ್ದದ್ದು. ಜೊತೆಯಲ್ಲಿ ಓಡಿದವನು ಪಕ್ಕದ ಮನೆ ಗಂಗಕ್ಕನ ಒಬ್ಬನೇ ಮಗ ಮಾರೇಶ. ಇಬ್ಬರಿಗೂ ಆಗ ಹತ್ತೊಂಬತ್ತು. ಒಂದೇ ತುಕಡಿಗೆ ಸೇರಿದರು. ಹದಿನೇಳು ವರ್ಷದ ಚಾಕರಿ ಮುಗಿಸಿ, ಹವಾಲ್ದಾರನಾಗಿ, ಬಸ್ಸಿನಿಂದ ಇಳಿದು ಬಂದವನು ಬೋರಣ್ಣ ಒಬ್ಬನೇ. ಮಾರೇಶ ಎಂಟನೇ ವರ್ಷದಲ್ಲೇ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಬಂದಿದ್ದ.

ಈಗ ಬೋರಣ್ಣ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುತ್ತಾನೆ. ನಲವತ್ತೇಳಾದರೂ ಬೆನ್ನು ಬಾಗಿಲ್ಲ, ದಪ್ಪ ಮೀಸೆಯ ತುದಿ ಇಳಿದಿಲ್ಲ. ಊರಿಗೆ ಅವನು ಮಿಲ್ಟ್ರಿ ಬೋರಣ್ಣ. ಬದುಕಿ ಬಂದ ಸಿಪಾಯಿಗೆ ಗೌರವ ತೋರಿಸಲು ಊರಿಗೆ ಗೊತ್ತಿದ್ದದ್ದು ಎರಡೇ ಬಗೆ: ಆಗಸ್ಟ್ ಹದಿನೈದಕ್ಕೆ ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿ ಶಾಲು ಹೊದಿಸುವುದು, ಉಳಿದ ದಿನಗಳಲ್ಲಿ ಅನಂತಪುರದ ಮಿಲ್ಟ್ರಿ ಕ್ಯಾಂಟೀನಿನ ರಮ್ಮಿನ ಬಾಟಲಿ ಕೇಳುವುದು.

"ಮಿಲ್ಟ್ರಿ, ಅನಂತಪುರಕ್ಕೆ ಯಾವಾಗ್ಲಪ್ಪ? ದೇಶ ಕಾದೋನು ನಮ್ ಗಂಟಲೂ ವಸಿ ಕಾಯಿ!"

ಅವನು ನಗುತ್ತಿದ್ದ. ಶಾಲುಗಳಲ್ಲಿ ಒಂದು ಹೆಂಡತಿ ವಾಣಿಶ್ರೀಯ ಹೊಲಿಗೆ ಮೆಷಿನ್ನಿಗೆ ಮುಸುಕಾಗಿತ್ತು, ಉಳಿದವು ಟ್ರಂಕಿನಲ್ಲಿದ್ದವು. ಅವನ ಬಗ್ಗೆ ಊರಿಗೆ ಗೊತ್ತಿಲ್ಲದ ಒಂದು ಸಂಗತಿ ವಾಣಿಶ್ರೀಗೆ ಗೊತ್ತಿತ್ತು: ಎಂಥ ಚಳಿಗೂ ಅವನು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿರಲಿಲ್ಲ.

ಸತ್ತ ಮಾರೇಶನಿಗೆ ಸಿಕ್ಕ ಗೌರವವೇ ಬೇರೆ. ಅವನ ಸಾವು ವರ್ಷ ವರ್ಷ ಬೆಳೆಯಿತು. ಮೊದಲು ಇಬ್ಬರು ವೈರಿಗಳನ್ನು ಕೊಂದು ಸತ್ತಿದ್ದ, ಆಮೇಲೆ ಐವರನ್ನು, ಈಚೆಗೆ ಹನ್ನೊಂದು ಜನರನ್ನು. ಶಾಲೆಯ ಅಂಗಳದಲ್ಲಿ ಇದನ್ನು ಹೇಳುವಾಗಲೆಲ್ಲ ಬೋರಣ್ಣ ತಲೆ ತಗ್ಗಿಸುತ್ತಿದ್ದ. ಜನ ಅದನ್ನು ದುಃಖ ಎಂದುಕೊಂಡರು.

ಅಲ್ಲಿ ವೈರಿಯೇ ಇರಲಿಲ್ಲ. ಅದು ಕಾಶ್ಮೀರದ ಒಂದು ಘಟ್ಟದ ರಸ್ತೆ, ಫೆಬ್ರುವರಿ ತಿಂಗಳು. ಅವರ ತುಕಡಿಗೆ ಸಲಿಕೆ ಕೊಟ್ಟು ಹಿಮ ತೆಗೆಯಲು ಹಚ್ಚಿದ್ದರು. ಗುಡ್ಡದ ಮೇಲಿಂದ ಹಿಮ ಜಾರಿ ಬೋರಣ್ಣನನ್ನು ಹೂತುಹಾಕಿತು. ಮಾರೇಶ ಅವನ ಮುಖದವರೆಗೆ ಅಗೆದ. ಅಷ್ಟರಲ್ಲಿ ಇನ್ನೊಂದು ಸಲ ಜಾರಿತು. ಮೂರು ತಾಸಿನ ಮೇಲೆ ಅಗೆದವರಿಗೆ ಬೋರಣ್ಣ ಉಸಿರಿನೊಂದಿಗೆ ಸಿಕ್ಕಿದ, ಮಾರೇಶ ಉಸಿರಿಲ್ಲದೆ.

ಪೆಟ್ಟಿಗೆಯನ್ನು ಊರಿಗೆ ತಂದವನು ಬೋರಣ್ಣನೇ. ಗಂಗಕ್ಕ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಒಂದೇ ಮಾತು ಕೇಳಿದ್ದಳು. "ಕಾದಾಡಿ ಸತ್ನೇನಪ್ಪಾ?"

"ಹೂಂ ಕಣವ್ವ" ಎಂದಿದ್ದ.

ಅಂದಿನಿಂದ ರಜೆಗೆ ಬಂದಾಗಲೆಲ್ಲ, ಚಾಕರಿ ಮುಗಿದ ಮೇಲೆ ಪ್ರತಿ ಅಮಾವಾಸ್ಯೆ, ಅವನಿಗೆ ಗಂಗಕ್ಕನ ಮನೆಯಲ್ಲಿ ಊಟ, ಅದೂ ಮಾರೇಶನ ಹೆಸರು ಕೊರೆಸಿದ ಸ್ಟೀಲಿನ ತಟ್ಟೆಯಲ್ಲಿ. ಅವಳ ಮನೆಯ ತಗಡು ಬದಲಿಸಿದವನು, ಕಣ್ಣಿನ ಪೊರೆ ತೆಗೆಸಲು ಕರೆದುಕೊಂಡು ಹೋದವನು ಬೋರಣ್ಣ. ಅವಳು ಅವನನ್ನು ಮಗಾ ಎಂದೇ ಕರೆಯುತ್ತಿದ್ದಳು.

ಹಟ್ಟಿಯ ಕೆರೆ ಏರಿಯ ಮೇಲೆ ಏಳು ವೀರಗಲ್ಲುಗಳಿವೆ. ಹಸು ಕುರಿಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವರವು. ಅಮಾವಾಸ್ಯೆಗೆ ಅವಕ್ಕೆ ಹಾಲೆರೆಯುತ್ತಾರೆ. ಎಂಟನೆಯದನ್ನು ಮಾರೇಶನಿಗೆ ನಿಲ್ಲಿಸಬೇಕೆಂದು ಈ ವರ್ಷ ಮಂಡಲದ ಮುಖಂಡ ಗೋವರ್ಧನ್ ಹೊರಟಾಗ, ಕಲ್ಲುಗಳ ಪೂಜಾರಿ ದೊಡ್ಡತಿಮ್ಮಪ್ಪ ತನ್ನ ತಾತನ ಕಾಲದ ಕಟ್ಟಲೆಯನ್ನು ಹೊರತೆಗೆದ. ಕೆಳಗಿನ ಅಂಕಣಕ್ಕೆ ಉಳಿ ಮುಟ್ಟುವ ಮೊದಲು, ಆ ಸಾವನ್ನು ಕಣ್ಣಾರೆ ಕಂಡವನು ವೀಳ್ಯ ಹಿಡಿದು ಕಲ್ಲುಕುಟಿಗನಿಗೆ ಅದನ್ನು ಹೇಳಬೇಕು. ಹೇಳಿದ್ದನ್ನೇ ಕೆತ್ತಬೇಕು. ಅಂಕಣ ಮುಗಿಯುವವರೆಗೂ ಕಂಡವನು ದಿನಾ ಬಂದು ಕಲ್ಲಿನ ಎದುರು ಕೂರಬೇಕು.

ಶಾಲೆಯ ಅಂಗಳದಲ್ಲಿ ತಲೆ ತಗ್ಗಿಸಿ ಕೂತರೆ ಸಾಕಾಗಿತ್ತು. ಇಲ್ಲಿ ಬಾಯಿ ಬಿಡಬೇಕು. ಗಾಳಿಯಲ್ಲಿ ಇಪ್ಪತ್ತು ವರ್ಷ ತೇಲಿದ ಸುಳ್ಳು ಇನ್ನು ಕಲ್ಲಾಗುತ್ತದೆ.

ಶೆಡ್ಡಿನಿಂದ ಬಂದವನು ನೇರ ಏರಿಯ ಮೇಲೆ ಹೋದ. ದೊಡ್ಡತಿಮ್ಮಪ್ಪ ಕಲ್ಲುಗಳ ನೆರಳಲ್ಲಿ ಎಲೆಯಡಿಕೆ ಹಾಕುತ್ತಿದ್ದ.

"ತಾತ, ಆಯುಧ ಇಲ್ದೇನೆ ಸತ್ತೋನಿಗೆ ಕಲ್ಲು ಇಲ್ವಾ? ಮೂರನೇ ಕಲ್ಲಾಗೆ ಬರೀ ಕೋಲೈತೆ."

"ಕೋಲಿನ ಎದುರಿಗೆ ಕಳ್ಳನೂ ಅವ್ನಲ್ಲೋ. ಎದುರಾಳಿ ಬೇಕು ಕಣಪ್ಪ."

"ಎದುರಾಳಿ ಹಿಮ ಆದ್ರೆ?"

ಮುದುಕ ಅಗಿಯುತ್ತಿದ್ದ ಎಲೆಯನ್ನು ಉಗಿದು ಅವನತ್ತ ತಿರುಗಿದ. "ಹಿಮಕ್ಕೆ ಮಕ ಎಲ್ಲೈತೆ, ಶಿವಶಂಕ್ರ ಏನು ಕೆತ್ತಾನು? ಇಷ್ಟ್ ದಿನ ಸುಮ್ಕಿದ್ದೋನು ಈಗ್ಯಾಕೆ ಕೆದಕ್ತೀಯ. ಗಂಗಕ್ಕನ್ನ ಕೇಳ್ಕಂಡು ಬಾ ಹೋಗು."

ಗಂಗಕ್ಕ ಜಗುಲಿಯಲ್ಲಿ ಬಿತ್ತನೆಗೆಂದು ಕಡಲೇಕಾಯಿ ಸುಲಿಯುತ್ತಿದ್ದಳು. ಅವನನ್ನು ಕಂಡು ಎದ್ದು ಮಾರೇಶನ ತಟ್ಟೆಯಲ್ಲಿ ಮುದ್ದೆ ಸಾರು ತಂದಿಟ್ಟಳು. "ಉಣ್ಣು ಮಗಾ. ಬಿಸಿ ಐತೆ."

ಅವನು ತಟ್ಟೆ ಮುಟ್ಟದೆ, ನೆಲ ನೋಡಿಕೊಂಡು, ಎಲ್ಲವನ್ನೂ ಹೇಳಿದ. ಕೋವಿಯಲ್ಲ, ಸಲಿಕೆ. ವೈರಿಯಲ್ಲ, ಹಿಮ. ಹೂತುಹೋದವನು ತಾನು.

ಗಂಗಕ್ಕನ ಬೆರಳುಗಳು ಕಾಯಿ ಒಡೆಯುತ್ತಲೇ ಇದ್ದವು.

"ಅವನೂ ಹೂತೋಗಿದ್ನಾ ಮೊದ್ಲು?"

"ಇಲ್ಲ ಕಣವ್ವ. ಕೆಳಗೆ ಲಾರಿ ತಾವ ಇದ್ದ."

"ಬದುಕಿದ್ದ."

"ಹೂಂ."

"ಆಮೇಲೆ ಮ್ಯಾಲಕ್ಕೆ ಬಂದ."

"ಹೋಗ್ಬ್ಯಾಡ ಅಂತ ಸಾಹೇಬ್ರು ಕೂಗಿದ್ರಂತೆ. ಬಂದ. ನನ್ ಬಾಯಾಗಿಂದ ಹಿಮ ತೆಗ್ದ. 'ಉಸ್ರಾಡ್ಲಾ ಬೋರಾ' ಅಂದ. ಅಷ್ಟೇಯ."

ಒಂದು ಕಾಯಿ, ಇನ್ನೊಂದು ಕಾಯಿ. "ನೀನು ಕೂಗಿದ್ದಾ?"

ಈ ಪ್ರಶ್ನೆಯನ್ನು ತುಕಡಿಯ ವಿಚಾರಣೆಯಲ್ಲಿ ಯಾರೂ ಕೇಳಿರಲಿಲ್ಲ.

"ಬಾಯಿಗೆ ಹಿಮ ತುಂಬೋ ಮುಂಚೆ ಕೂಗ್ದೆ ಕಣವ್ವ. ಅವನ ಹೆಸರೇ ಬಂತು."

ಬೆರಳುಗಳು ನಿಂತವು. ಜಗುಲಿಯ ಕೆಳಗೆ ಕೋಳಿಯೊಂದು ಸಿಪ್ಪೆ ಕೆದಕುತ್ತಿತ್ತು.

"ಅವ್ವಾ, ಸಲಿಕೆ ಕೆತ್ತಿಸ್ತೀನಿ. ಅವನು ಮಾಡಿದ್ದು ಹನ್ನೊಂದು ಜನನ ಕೊಂದಿದ್ದಕ್ಕಿಂತ ದೊಡ್ಡದು. ಊರ ಮುಂದೆ ಹೇಳ್ತೀನಿ."

"ಸಲಿಕೆ ಕೆತ್ತಿದ್ರೆ ಅದ್ರ ಕೆಳಗೆ ಹೂತಿರೋನ್ನೂ ಕೆತ್ತಬೇಕಾಯ್ತದೆ." ಗಂಗಕ್ಕನ ದನಿ ಏರಲೇ ಇಲ್ಲ. "ನನ್ ಮಗನ ಕಲ್ಲಾಗೆ ನೀನು ಬರಬ್ಯಾಡ. ನಾಳೆ ಕೋವಿ ಅನ್ನು. ಹನ್ನೊಂದು ಅನ್ನು. ಇಪ್ಪತ್ತು ವರ್ಸ ಹೇಳಿದ್ಯಲ್ಲ, ಇನ್ನೊಂದ್ ಕಿತ ಹೇಳು."

"ಅವ್ವಾ..."

"ವೈರಿ ಕೈಲಿ ಸತ್ತ ಅಂದ್ಕಂಡು ಬದುಕ್ದೆ ಕಣೋ ನಾನು. ವೈರಿ ಆದ್ರೆ ಎಲ್ಲೋ ದೂರ ಇರ್ತಿದ್ದ. ಅಮಾಸೆಗೊಂದ್ಸಲ ಬಂದು ನನ್ ಕೈಲಿ ಮುದ್ದೆ ಇಕ್ಕಿಸ್ಕಂಡು ಉಣ್ತಿರಲಿಲ್ಲ."

ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಹೋಗಿ ಮುದ್ದೆಯನ್ನು ಎಮ್ಮೆಯ ಬಾನಿಗೆ ಸುರಿದಳು. ತಟ್ಟೆಯನ್ನು ಬೂದಿ ಹಾಕಿ ಉಜ್ಜಿ ತೊಳೆದು ಒಳಗಿಟ್ಟಳು. ಆಮೇಲೆ ಹೊರಗೆ ಬರಲಿಲ್ಲ.

ಮರುದಿನ ಶೆಡ್ಡಿನಲ್ಲಿ ಚಾಪೆ ಹಾಸಿದ್ದರು. ಗೋವರ್ಧನ್ ಫೋಟೋದವರನ್ನು ಕರೆತಂದಿದ್ದ. ದೊಡ್ಡತಿಮ್ಮಪ್ಪ ಐದು ಎಲೆ, ಎರಡು ಅಡಿಕೆಯನ್ನು ಬೋರಣ್ಣನ ಅಂಗೈಗಿಟ್ಟ. ಗಂಗಕ್ಕ ಒಂದು ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು.

"ಕಂಡವನೇ, ಏನು ಕಂಡೆ ಹೇಳು."

"ಕೋವಿ" ಎಂದ ಬೋರಣ್ಣ. "ಕೈಯಾಗೆ ಕೋವಿ ಇತ್ತು. ಒಬ್ಬ ವೈರಿ ಕಾಲ ಕೆಳಗೆ ಬಿದ್ದಿದ್ದ."

"ಹನ್ನೊಂದು ಅನ್ನಣ್ಣ!" ಗೋವರ್ಧನ್ ಪಿಸುಗುಟ್ಟಿದ.

"ಹನ್ನೊಂದು ಜನಕ್ಕೆ ಈ ಕಲ್ಲಾಗೆ ಜಾಗ ಎಲ್ಲೈತೆ ಸಾರ್?" ಎಂದು ಶಿವಶಂಕರ ರೇಗಿದ. "ಒಬ್ಬ ಸಾಕು."

ಹದಿನೆಂಟು ದಿನ ಬೋರಣ್ಣ ಬ್ಯಾಂಕಿಗೆ ರಜೆ ಹಾಕಿ ಕಲ್ಲಿನ ಎದುರು ಕೂತ. ಚಿಪ್ಪುಗಳು ಸಿಡಿದು ಅವನ ಶರ್ಟಿನ ಮೇಲೆ ಬೀಳುತ್ತಿದ್ದವು. ಶಿವಶಂಕರ ಏನು ಕೆತ್ತುತ್ತಿದ್ದಾನೆಂದು ಅವನು ತಲೆಯೆತ್ತಿ ನೋಡಲಿಲ್ಲ. ಶಿವಶಂಕರ ಮಾತ್ರ ಆಗಾಗ ಕೈ ತಡೆದು ಅವನ ಕಡೆ ನೋಡುತ್ತಿದ್ದ.

ಆಗಸ್ಟ್ ಹದಿನೈದರ ಬೆಳಿಗ್ಗೆ ಏರಿಯ ಮೇಲೆ ಕಲ್ಲು ನಿಂತಿತು. ಗೋವರ್ಧನ್ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಭಾಷಣ ಮಾಡಿ, ಮಾರೇಶನ ಹೆಗಲಿಗೆ ಹೆಗಲು ಕೊಟ್ಟು ಕಾದಾಡಿದ ವೀರ ಎಂದು ಬೋರಣ್ಣನಿಗೆ ಶಾಲು ಹೊದಿಸಿದ. ಮುಸುಕು ತೆಗೆದರು. ಕೋವಿ ಎತ್ತಿ ನಿಂತ ಮಾರೇಶ. ಅವನ ಪಾದದಡಿ ಬಾಯಿ ತೆರೆದು ಬಿದ್ದ ವೈರಿ.

ಮೊದಲು ಕಂಡವಳು ಯಾವಳೋ ಹೆಂಗಸು. "ಅಯ್ಯೋ, ಬಿದ್ದಿರೋನಿಗೆ ನಮ್ ಮಿಲ್ಟ್ರಿ ಮೀಸೆ ಐತಲ್ರಪ್ಪೋ!"

ಮೀಸೆ ಮಾತ್ರವಲ್ಲ. ಗಲ್ಲ, ಹುಬ್ಬು, ಎಡಗಿವಿಯ ಹರಿದ ಹಾಲೆ, ಎಲ್ಲವೂ ಬೋರಣ್ಣನವೇ. ಏರಿಯ ತುಂಬ ನಗು ಹಬ್ಬಿತು. "ಮಿಲ್ಟ್ರೀ, ನೀನ್ಯಾವಾಗ್ಲೋ ಆ ಕಡೆ ಸೇರ್ಕಂಡೆ?"

ಶಿವಶಂಕರ ಬೆವರಿದ. "ವೈರಿ ಮಕ ನಾನೆಲ್ಲಿ ಕಂಡಿದ್ದೆ ಕಣಣ್ಣ? ದಿನಾ ನೀನೇ ಎದುರಿಗಿದ್ದೆ, ಕೈ ತಾನಾಗೇ ಹೋಯ್ತು. ಮೀಸೆ ತೆಗ್ದುಬಿಡ್ತೀನಿ."

"ಬ್ಯಾಡ. ಇರ್ಲಿ."

ನಗದೆ ಇದ್ದವಳು ಗಂಗಕ್ಕ ಒಬ್ಬಳೇ. ಕಲ್ಲನ್ನೊಮ್ಮೆ, ಶಾಲು ಹೊದ್ದವನನ್ನೊಮ್ಮೆ ನೋಡಿ, ಚೊಂಬಿನ ಹಾಲನ್ನು ಮಗನ ತಲೆಯ ಮೇಲೆ ಎರೆದಳು.

ಮುಂದಿನ ಅಮಾವಾಸ್ಯೆ ಬೋರಣ್ಣನಿಗೆ ಊಟಕ್ಕೆ ಕರೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮೂರನೆಯದಕ್ಕೆ ಅವನು ಕೆರೆಯಿಂದ ಒಂದು ಬಿಂದಿಗೆ ನೀರು ತುಂಬಿಕೊಂಡು ಏರಿ ಹತ್ತಿದ. ಗಂಗಕ್ಕ ಅಲ್ಲಿದ್ದಳು. ಹಾಲೆರೆದು, ಮಾರೇಶನ ಮುಖವನ್ನು, ಕೋವಿಯನ್ನು, ಪಾದಗಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಪಾದಗಳಿಗೆ ಬಂದು ಕೈ ನಿಂತಿತು. ಅದರ ಕೆಳಗಿನ ಮುಖದ ಮೇಲೆ ಹಿಂದಿನ ಹಾಲು ಒಣಗಿ ಕಟ್ಟಿತ್ತು, ಹೊಸದು ಇಳಿಯುತ್ತಿತ್ತು, ಇರುವೆ ಮುತ್ತಿದ್ದವು. ತೆರೆದ ಬಾಯಿಯ ತುಂಬ ಬೆಳ್ಳಗೆ ಹಾಲು ನಿಂತಿತ್ತು.

ಅವಳು ಚೊಂಬು ಎತ್ತಿಕೊಂಡಳು. ಪಕ್ಕದಲ್ಲೇ ಹಾದುಹೋಗುವಾಗ, ಅವನ ಕಡೆ ತಿರುಗದೆ ಹೇಳಿದಳು:

"ನಿನ್ ಮಕ ನೀನೇ ತೊಳ್ಕ."

ಬೋರಣ್ಣ ಕುಕ್ಕರಗಾಲಿನಲ್ಲಿ ಕೂತ. ಬಿಂದಿಗೆಯನ್ನು ಬಗ್ಗಿಸುವ ಮುಂಚೆ ಬೆರಳು ಹಾಕಿ ಮೊದಲು ಬಾಯೊಳಗಿನ ಹಾಲನ್ನು ತೆಗೆದ.