ಗೋದಾವರಿ ಅತ್ತೆಯ ಹಿಮದ ಹರಕೆ

ಅಂಕೋಲೆಯ ನನ್ನ ಅತ್ತೆ ಗೋದಾವರಿಗೆ ಬಸ್ಸಿನ ಕಿಟಕಿ ತೆರೆದರೇ ಚಳಿ. ಅಂಥವರು ಹಿಮಾಚಲದ ಗುಡ್ಡ ಹತ್ತುತ್ತೇನೆಂದು ಹಟ ಹಿಡಿದರೆ ಸೊಸೆಯಾದವಳು ಎಂತ ಮಾಡಬೇಕು? ಸಿಟ್ಟು ನೆತ್ತಿಗೇರಿತ್ತು. ಆದರೆ ಹರಕೆ ಅಂದಮೇಲೆ ಮುಗಿಯಿತು. ಹೋದ ಚಳಿಗಾಲ, ಅಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದ ನನ್ನ ಗಂಡ ರೂಪೇಶ ಹಿಮ ಕುಸಿದು ಹೂತುಹೋಗಿದ್ದ. ಜೊತೆಯವರು ಅಗೆದು ತೆಗೆದರು. 'ಮಗ ಉಳಿದರೆ ಆ ಗುಡ್ಡದ ದೇವರಿಗೆ ನಾನೇ ಬಂದು ಕಾಯಿ ಒಡೆಯುತ್ತೇನೆ' ಎಂದು ಅತ್ತೆ ಅಂಕೋಲೆಯಲ್ಲೇ ಕೈಮುಗಿದಿದ್ದರು. ಕಾಯಿ ಒಡೆಯದೆ ಮಗನನ್ನು ಮತ್ತೆ ಕೆಲಸಕ್ಕೆ ಕಳಿಸಲು ಅವರಿಗೆ ಧೈರ್ಯವಿರಲಿಲ್ಲ.

ಗುಡ್ಡದ ಬುಡದಲ್ಲಿ, ಕಾಲು ಹಿಮದಲ್ಲಿ ಹೂತುಹೋಗಬಾರದೆಂದು ಗೈಡ್ ಅತ್ತೆಯ, ರೂಪೇಶನ, ನನ್ನ ಬೂಟುಗಳಿಗೆ ಅಗಲವಾದ ಸ್ನೋಶೂ ಕಟ್ಟಿದ. ಅತ್ತೆಯ ಸೀರೆಯ ಮೇಲೆ ಬಾಡಿಗೆ ಕೋಟು, ಕೋಟಿನೊಳಗೆ ಊರಿನ ತೆಂಗಿನಕಾಯಿ.

"ತಮಾ, ಕಾಲಿಗೆ ಗೆರಸಿ ಕಟ್ಕಂಡಂಗೆ ಆಯ್ತಲ್ಲೋ!" ಎಂದು ಅತ್ತೆ ಮೊರದಂತಿದ್ದ ಅದನ್ನು ಪಟಪಟ ಬಡಿಯುತ್ತ ನಮಗಿಂತ ಮುಂದೆ ಹೊರಟೇಬಿಟ್ಟರು.

ಏರು ಮುಗಿದಲ್ಲಿ ಕಲ್ಲಿನ ಪುಟ್ಟ ಗುಡಿ, ಕೆಂಪು ಬಾವುಟ. ಕಂಡದ್ದೇ ತಡ, ನಾವು ಬಾಯಿ ತೆರೆಯುವ ಮೊದಲೇ ಅತ್ತೆ ಸ್ನೋಶೂ, ಬೂಟು ಎಲ್ಲ ಕಳಚಿದರು. ದೇವರೆದುರು ಚಪ್ಪಲಿ ಹಾಕುವುದುಂಟೇ? ಕಾಲುಚೀಲದಲ್ಲೇ ಒಂದು ಹೆಜ್ಜೆ ಇಟ್ಟರು. ಬಸಕ್! ಸೊಂಟದವರೆಗೆ ಮಾಯ. ಕಾಯಿ ಹಿಡಿದ ಕೈ ಮಾತ್ರ ಎತ್ತರದಲ್ಲಿತ್ತು.

ರೂಪೇಶನ ಮುಖ ಬಿಳುಚಿಕೊಂಡಿತು. ಓಡಿಹೋಗಿ ಎಳೆದು ತೆಗೆದ.

"ಅಮಾ, ಮೋಡ ಬತ್ತಾ ಇದೆ. ಬೂಟ್ ಹಾಕ್ಕೋ, ತಿರುಗಿ ಹೋಗ್ವ."

"ಗುಡಿ ಎದ್ರಿಗೆ ಬಂದು ತಿರುಗಿ ಹೋಗೂದಾ? ಚಪ್ಲಿ ಹಾಕಂಡು ನಾ ಕಾಯಿ ಒಡೂದಿಲ್ಲ!"

"ನಡೆದ್ರೆ ಹುಗೀತೆ!"

"ನಡೂದಿಲ್ಲ ಮಾರಾಯಾ, ಉರುಳ್ತೆ!"

ಊರ ದೇವಸ್ಥಾನದಲ್ಲಿ ಉರುಳುಸೇವೆ ಮಾಡುವವರ ಹಾಗೆ ಮಲಗಿ, ಕಾಯಿ ಎದೆಗವಚಿಕೊಂಡು ಉರುಳಿಯೇ ಹೊರಟರು. ಹೂತುಹೋಗಲೇ ಇಲ್ಲ! ಗೈಡ್ ಬಾಯಿ ಬಿಟ್ಟುಕೊಂಡು ನಿಂತ. ಹಿಂದೆಯೇ ರೂಪೇಶ ಉರುಳಿದ, ನಾನು ಬಿಡುತ್ತೇನೆಯೇ? ಆಕಾಶ, ಹಿಮ, ಆಕಾಶ, ಹಿಮ. ತಲೆ ಗಿರ್ರೆಂದಿತು, ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಗುಡಿಯ ಕಲ್ಲಿಗೆ ಕಾಯಿ ಫಟ್ಟೆಂದು ಒಡೆಯಿತು. ಅತ್ತೆ ಒಂದು ಚೂರು ಮಗನ ಬಾಯಿಗೆ ತುರುಕಿದರು. ಆಮೇಲೆ, ಮಗು ಎಡವಿ ಬಿದ್ದಾಗ ಅಮ್ಮಂದಿರು ನೆಲಕ್ಕೆ ಹೊಡೆಯುತ್ತಾರಲ್ಲ, ಹಾಗೆ ಹಿಮಕ್ಕೆ ರಪರಪನೆ ಬಾರಿಸಿದರು.

"ನನ್ ಮಗನ್ನ ನುಂಗೂಕೆ ಬಂದಿದ್ಯಾ? ಇನ್ನೊಂದ್ಸಲ ಬಾ, ನೋಡ್ತೆ!"

ವರ್ಷವಿಡೀ ಹಿಮದ ಹೆಸರೇ ಎತ್ತದಿದ್ದ ನನ್ನ ಗಂಡ ಜೋರಾಗಿ ನಕ್ಕ, ನಗುತ್ತಲೇ ಅತ್ತ. ಮತ್ತೆ ಅಮ್ಮನ ಪಕ್ಕ ಕೂತು ಹಿಮಕ್ಕೆ ತಾನೂ ಒಂದು ಬಾರಿಸಿದ.