ಮಾಪಣ್ಣ ಮಗನನ್ನು ಮೇಲೆ ತಂದದ್ದು

ಕಮಲಾಪುರದ ಬಾಳೆತೋಟಗಳ ಬಾವಿಯಲ್ಲಿ ಮೋಟಾರಿನ ಪೈಪಿಗೆ ಕಸ ಕಟ್ಟಿದರೆ ಜನ ಮಾಪಣ್ಣನನ್ನು ಕರೆಯುತ್ತಿದ್ದರು. ಉಸಿರು ಹಿಡಿದು ತಳಕ್ಕಿಳಿದು, ಕತ್ತಲಲ್ಲಿ ತಡಕಾಡಿ ಕಸ ಬಿಡಿಸಿ ಬರುವುದು ಅವನ ಕೆಲಸ. ಬಾವಿಗೆ ಬಿದ್ದವರ ಹೆಣ ತೆಗೆಯಲೂ ಅವನೇ ಬೇಕು; ಹಾಗೆ ತೆಗೆದು ಬಂದ ದಿನ ಹೆಂಡತಿ ಬಂಡೆಮ್ಮ ಅಂಗಳದಲ್ಲೇ ತಲೆಗೆ ನೀರು ಹೊಯ್ದು ಒಳಗೆ ಬಿಟ್ಟುಕೊಳ್ಳುತ್ತಿದ್ದಳು.

ಮಗ ಆನಂದಕುಮಾರ ಈಜು ಕಲಿತದ್ದು ಅಪ್ಪನ ಬೆನ್ನ ಮೇಲೆ. ಓದಿದ, ಕಲಬುರಗಿಯಲ್ಲಿ ನೌಕರಿ ಹಿಡಿದ, ಹೆಂಡತಿ ನಾಗರತ್ನಾಳೊಂದಿಗೆ ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮನೆ ಮಾಡಿದ. ಬೆಳಿಗ್ಗೆ ಜಿಮ್ಮು, ರವಿವಾರ ಊರಿನ ಬಾವಿ. ನೀರೊಳಗೆ ಉಸಿರು ಹಿಡಿಯುವ ಸ್ಪರ್ಧೆಯೊಂದಕ್ಕೆ ತಯಾರಿ ನಡೆಸಿದ್ದ.

ಆ ರವಿವಾರ ಅವನು ಬಾವಿಯ ಮೆಟ್ಟಿಲ ಮೇಲೆ ಕೂತು ಗುಲಾಬಿ ಬಣ್ಣದ ಪುಡಿ ಕಲಕಿ ಕುಡಿದ.

“ಏನೋ ಅದು?” ಮಾಪಣ್ಣ ಕೇಳಿದ.

“ಶಕ್ತಿ ಪೌಡರ್ ಅಪ್ಪಾ. ಜಿಮ್ಮಿನಾಗ ಎಲ್ಲಾರೂ ತಗೋತಾರ. ಎದಿ ಮುಟ್ಟಿ ನೋಡು, ಹೆಂಗ ಹೊಡ್ಕೋಳಾಕತ್ತದ!”

ಮುಟ್ಟಿದರೆ ದೂರದಿಂದ ಓಡಿಬಂದ ಎತ್ತಿನ ಎದೆಯ ಹಾಗಿತ್ತು. “ಕೂತಲ್ಲೇ ಹಿಂಗ್ಯಾಕ?”

“ಇದರಿಂದನೇ ಜಾಸ್ತಿ ಹೊತ್ತು ಇರ್ತೀನಿ,” ಎಂದು ನಕ್ಕ ಮಗ, ಬುಸುಬುಸನೆ ಉಸಿರೆಳೆದು ಬಿಟ್ಟು, ಎಳೆದು ಬಿಟ್ಟು, ಮುಳುಗಿದ.

ಬಹಳ ಹೊತ್ತಾಯಿತು. ಮಗ ತನ್ನನ್ನೂ ಮೀರಿಸಿದನಲ್ಲ ಎಂದು ಮಾಪಣ್ಣನಿಗೆ ಹೆಮ್ಮೆಯೇ ಆಯಿತು. ನೀರು ಅಲುಗಲಿಲ್ಲ, ಗುಳ್ಳೆಯೂ ಏಳಲಿಲ್ಲ. ಹೆಮ್ಮೆ ಎಲ್ಲಿ ಮುಗಿದು ಭಯ ಎಲ್ಲಿ ಶುರುವಾಯಿತೋ ತಿಳಿಯದು, ಅಂಗಿ ಸಮೇತ ಹಾರಿದ. ತಳದಲ್ಲಿ ಕೈಗೆ ಮಗನ ಕೂದಲು ಸಿಕ್ಕಿತು.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಅಮೀನಾ ಮೆಲ್ಲಗೆ ತಿಳಿಹೇಳಿದರು. “ಅಂಥಾ ಪುಡಿಯಾಗ ಕಾಫಿ ಸತ್ವ ಭಾಳ ಇರ್ತದ್ರಿ. ಎದಿ ಜೋರ್ ಓಡಿದ್ರ ಮೈಯಾಗಿನ ಆಕ್ಸಿಜನ್ ಲಗೂ ಖರ್ಚ್ ಆಗ್ತದ. ಬುಸುಬುಸು ಉಸಿರಾಡಿ ಮುಳುಗಿದ್ರ ಗಾಳಿ ಬೇಕು ಅನ್ನೋದೇ ತಿಳಿಯಂಗಿಲ್ಲ. ಒದ್ದಾಡದೇನೇ ಎಚ್ಚರ ತಪ್ಪತದ.”

“ಹಂಗಂದ್ರ ಅಂವಾ ನನ್ನ ಕರೀಲಿಲ್ಲೇನ್ರಿ?”

“ಕರೀಬೇಕಂತ ಅವನಿಗಿ ಗೊತ್ತೇ ಆಗಿಲ್ರಿ.”

ಆನಂದಕುಮಾರ ಬದುಕಿದ, ಆದರೆ ಗಾಳಿ ಸಿಗದೆ ಮಿದುಳಿಗೆ ಪೆಟ್ಟಾಗಿತ್ತು. ಕಣ್ಣು ತೆರೆಯುತ್ತಾನೆ, ಯಾರನ್ನೂ ಗುರುತಿಸುವುದಿಲ್ಲ. ನಾಗರತ್ನಾ ಕೆಲಸಕ್ಕೆ ಹೋಗಬೇಕಾದ್ದರಿಂದ ಮನೆಗೆ ತಂದ ಮಗನನ್ನು ನೋಡಿಕೊಳ್ಳಲು ಮಾಪಣ್ಣ, ಬಂಡೆಮ್ಮ ಖೂಬಾ ಪ್ಲಾಟಿನಲ್ಲೇ ಉಳಿದರು. ಜಿಮ್ಮಿನ ಗೆಳೆಯ ಪರ್ವೇಜ್ ನೋಡಲು ಬಂದಾಗ ಮಾಪಣ್ಣ ಅವನ ಕೈ ಹಿಡಿದುಕೊಂಡ. “ಆ ಪುಡಿ ಬಿಟ್ಟುಬಿಡಪಾ.”

“ನಾ ನೀರಿಗಿ ಇಳಿಯಂಗಿಲ್ಲಲ್ಲ ಕಾಕಾ,” ಎಂದ ಪರ್ವೇಜ್. ಮಾಪಣ್ಣ ಹಿಡಿದ ಕೈ ಬಿಟ್ಟ.

ಒಮ್ಮೆ ಊರಿನಿಂದ ಕರೆ ಬಂತು, ಪೈಪು ಕಟ್ಟಿದೆ ಎಂದು. ಹೋದ. ಎದೆಮಟ್ಟದ ನೀರಿನವರೆಗೂ ಇಳಿದ, ತಲೆ ಮುಳುಗಿಸಲು ಮಾತ್ರ ಆಗಲಿಲ್ಲ. “ಆಗವಲ್ದ್ರಿ,” ಎಂದು ಮೇಲೆ ಬಂದ. ತೋಟದವರು ಬೇರೆಯವನನ್ನು ಕರೆಸಿದರು.

ಮಧ್ಯಾಹ್ನ ಮಾಪಣ್ಣ ಕಲಬುರಗಿಯ ಮನೆಗೆ ಮರಳಿದಾಗ ಬಂಡೆಮ್ಮ ಮಗನ ಬಾಯಿಗೆ ಗಂಜಿ ಇಟ್ಟು ಕಾಯುತ್ತಿದ್ದಳು. “ನುಂಗಪಾ, ನುಂಗು.” ಮಾಪಣ್ಣ ಇನ್ನೂ ಆರದ ಧೋತರದಲ್ಲೇ ಕೂತು, ಮಗನ ಗಂಟಲು ಅಲುಗುತ್ತದೆಯೇ ಎಂದು ನೋಡತೊಡಗಿದ.