ಬ್ರೇಕ್ ಮೇಷ್ಟ್ರು ವಿಮಾನ ಇಳಿಸಲು ಹೋದದ್ದು

ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಎಂಟು ಗಂಟೆ ಕಾರಿನಲ್ಲಿ ಕೂತರೂ ಸ್ಟಿಯರಿಂಗ್ ಮುಂದೆ ಕೂರುವ ಭಾಗ್ಯ ಕಾಣದ ಮನುಷ್ಯ ನಮ್ಮ ಕೆಳಗಿನ ಮನೆಯ ಬ್ರೇಕ್ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾದ್ದರಿಂದ ಅವರದು ಪಕ್ಕದ ಸೀಟು. ಆ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರಿಗೆ ದೀಪದ ಕಂಬದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದಾಗ ಮೇಷ್ಟ್ರ ಬಲಗಾಲು ಅದನ್ನು ತುಳಿಯುತ್ತದೆ. ನನಗೆ ಕಾರು ಕಲಿಸಿದವರೂ ಅವರೇ. ಆ ನಲವತ್ತು ದಿನ ಕಾರು ಓಡಿಸಿದವಳು ನಾನು, ನಿಲ್ಲಿಸಿದವರು ಅವರು.

ಒಮ್ಮೆಯಾದರೂ ಸ್ವಂತ ಕೈಯಿಂದ ಏನನ್ನಾದರೂ ಓಡಿಸಬೇಕೆಂಬ ಆಸೆ ಅವರಿಗೆ ಐವತ್ತನೆಯ ವಯಸ್ಸಿನಲ್ಲಿ ಹುಟ್ಟಿತು. "ಒಂದು ಹಳೇ ಕಾರು ತಗೊಂಡ್ರಾಯ್ತಲ್ಲ ಮೇಷ್ಟ್ರೇ?" ಎಂದೆ.

"ಅಯ್ಯೋ, ಬೇಡವೇ ಬೇಡ! ರಸ್ತೆ ತುಂಬಾ ನನ್ನ ಶಿಷ್ಯರೇ ಇದ್ದಾರೆ," ಎಂದರು.

ಶಿಷ್ಯರಿಲ್ಲದ ಜಾಗವೆಂದರೆ ಆಕಾಶವೊಂದೇ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ತಂದರು. ಊಟದ ಮೇಜಿನ ಮೇಲೆ ದೊಡ್ಡ ಪರದೆ, ಅದರ ಮುಂದೆ ಕೊಂಬಿನಂಥ ಹಿಡಿ, ಮೇಜಿನ ಕೆಳಗೆ ಎರಡು ಪೆಡಲ್ಲು. ಪೆಡಲ್ಲಿನ ಬುಡ ಒತ್ತಿದರೆ ವಿಮಾನದ ಮೂತಿ ಆ ಕಡೆ ಈ ಕಡೆ ತಿರುಗುತ್ತದೆ, ತುದಿ ಒತ್ತಿದರೆ ಚಕ್ರಕ್ಕೆ ಬ್ರೇಕು. ಊಟದ ಮೇಜು ಹಾರಾಟದ ಮೇಜಾಯಿತು. ಅವರ ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು ಏಳು ತಿಂಗಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

ಏರುವುದು ಚೆನ್ನಾಗಿಯೇ ಏರುತ್ತಿದ್ದರು. ಇಳಿಯುವುದೇ ಕಷ್ಟ. ಲ್ಯಾಂಡ್ ಮಾಡಿಟ್ಟುಕೊಂಡವರನ್ನು ಊರು ತುಂಬ ನೋಡಿದ್ದೇನೆ, ಲ್ಯಾಂಡ್ ಮಾಡಲಾಗದೆ ಇಷ್ಟು ಬೆವತವರನ್ನು ನೋಡಿರಲಿಲ್ಲ. ರನ್‌ವೇ ನೋಡಿದರೆ ಎತ್ತರ ಎಷ್ಟಿದೆಯೆಂದು ತಿಳಿಯದು. ಎತ್ತರದ ಅಂಕಿ ನೋಡಿ ತಲೆ ಎತ್ತುವಷ್ಟರಲ್ಲಿ ರನ್‌ವೇ ಹಿಂದೆ ಹೋಗಿರುತ್ತದೆ. ದಿನಕ್ಕೆರಡು ವಿಮಾನ ಪುಡಿಯಾಗುತ್ತಿದ್ದವು.

ಕೊನೆಗೊಂದು ಸಂಜೆ ಅವರ ಹೆಂಡತಿ ತಟ್ಟೆಯನ್ನು ತೊಡೆಯಿಂದ ಕೆಳಗಿಟ್ಟರು. "ನೋಡ್ರೀ, ಭಾನುವಾರ ಮೂರು ಸಲ ಬಿಡ್ತೀನಿ. ಮೂರರಲ್ಲಿ ಒಂದು ಸಲ ನೆಟ್ಟಗೆ ಇಳಿಸಿ, ಮೇಜು ನಿಮ್ದೇ. ಇಲ್ಲಾಂದ್ರೆ ಈ ಸಾಮಾನೆಲ್ಲ ಅಟ್ಟಕ್ಕೆ."

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿ ಆಕೆ. ಡಾಕ್ಟರು ಕೊರೆಯುವಾಗ ರೋಗಿಯ ಬಾಯಲ್ಲಿ ನೀರು ಎಳೆಯುವ ನಳಿಗೆ ಹಿಡಿದು ಸಮಾಧಾನ ಹೇಳುವುದು ಅವರ ಕೆಲಸ. ಅವರು ಮೆತ್ತಗೆ ಮಾತಾಡಿದರೆಂದರೆ ಮುಂದೆ ನೋವು ಇದೆಯೆಂದೇ ಅರ್ಥ. ಆ ದಿನ ಬಹಳ ಮೆತ್ತಗೆ ಮಾತಾಡಿದ್ದರು.

ಮೇಷ್ಟ್ರು ಗಾಬರಿಯಾಗಿ ಇಂಟರ್ನೆಟ್ಟಿನಲ್ಲಿ ಹುಡುಕಾಡಿದಾಗ ಒಂದು ವಿಷಯ ತಿಳಿಯಿತು. ನಿಜವಾದ ವಿಮಾನದಲ್ಲಿ ಪೈಲಟ್ ಒಬ್ಬನೇ ಎಲ್ಲ ನೋಡುವುದಿಲ್ಲ. ಪಕ್ಕದಲ್ಲಿರುವ ಸಹಪೈಲಟ್ ವೇಗ, ಎತ್ತರಗಳನ್ನು ಕೂಗಿ ಹೇಳುತ್ತಿರುತ್ತಾನೆ. ಸಿಮ್ಯುಲೇಟರಿಗೂ ಅಂಥ ಧ್ವನಿ ಸೇರಿಸಬಹುದು. ಸಿದ್ಧವಾಗಿ ಸಿಕ್ಕಿದ್ದು ಯಾವನೋ ಗಂಡಸಿನ ಇಂಗ್ಲಿಷ್ ದನಿ. ಕಾನ್ವೆಂಟಿನಲ್ಲಿ ಓದಿದ ನನಗೇ ಅವನ ಉಚ್ಚಾರಣೆ ಕೇಳಿ ಕೈಕಟ್ಟಿ ನಿಲ್ಲಬೇಕೆನಿಸಿತು. ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು. "ನನ್ನ ಮನೇಲಿ ಕೂತು ಯಾವನೋ ಹೇಳಿದ ಹಾಗೆ ನಾನು ಇಳೀಬೇಕಾ?"

"ಹಾಗಾದ್ರೆ ಅಮ್ಮ ಹೇಳ್ಲಿ. ಅಮ್ಮ ಹೇಳಿದ ಹಾಗೆ ಕೇಳಿ ಅಭ್ಯಾಸ ಇದೆಯಲ್ಲಪ್ಪ," ಎಂದಳು ಮಗಳು.

ಹೀಗೆ ಸಹಧರ್ಮಿಣಿಯೇ ಸಹಪೈಲಟ್ ಆದರು. ಅಡುಗೆಮನೆಯಲ್ಲಿ ಮಗಳು ಧ್ವನಿ ರೆಕಾರ್ಡ್ ಮಾಡಲು ಫೋನು ಹಿಡಿದಳು. ಆಕೆ ಪಾತ್ರೆ ಒರೆಸುತ್ತ ಒಂದೊಂದೇ ಅಂಕಿ ಹೇಳಿದರು. "ಐವತ್ತು... ಏನೂ ಆಗಲ್ಲ, ಸ್ವಲ್ಪ ಜುಂ ಅನ್ನುತ್ತೆ ಅಷ್ಟೇ."

"ಅಮ್ಮಾ, ಬರೀ ನಂಬರ್ ಹೇಳು!"

"ಬರೀ ನಂಬರ್ ಹೇಳಿದ್ರೆ ಪಾಪ, ಹೆದರ್ಕೋತಾರೆ ಕಣೇ."

ಆಕೆ ಐನೂರು ಅಡಿ ಎನ್ನುವಾಗಲೇ ಕುಕ್ಕರ್ ಕೂಗಿ ಅದೂ ರೆಕಾರ್ಡ್ ಆಯಿತು. ತೆಗೆಯಲಾಗಲಿಲ್ಲ, ಹಾಗೇ ಬಿಟ್ಟರು. ವಿಮಾನ ಯಾವ ವೇಗಕ್ಕೆ, ಯಾವ ಎತ್ತರಕ್ಕೆ ಬಂದರೆ ಯಾವ ಮಾತು ಕೇಳಿಸಬೇಕೆಂದು ಮಗಳು ಕಂಪ್ಯೂಟರಿಗೆ ಹೇಳಿಕೊಟ್ಟಳು.

ಭಾನುವಾರ ಬೆಳಗ್ಗೆ ಹತ್ತಕ್ಕೆ ನನ್ನನ್ನು ಸಾಕ್ಷಿಗೆ ಕರೆದರು. ಮೊದಲ ಸುತ್ತು. ರನ್‌ವೇ ಮೇಲೆ ವಿಮಾನದ ವೇಗ ಏರತೊಡಗಿತು. "ಎಂಬತ್ತು... ನೂರು... ಜೋಪಾನ," ಎಂದಿತು ಪೆಟ್ಟಿಗೆಯೊಳಗಿನ ಹೆಂಡತಿ. ವಿಮಾನ ಅಂದವಾಗಿ ಏರಿತು, ಊರು ಸುತ್ತಿತು, ರನ್‌ವೇಗೆ ಎದುರಾಯಿತು. ಐನೂರಕ್ಕೆ ಕುಕ್ಕರ್ ಕೂಗಿತು. "ನೂರು... ಐವತ್ತು... ನಲವತ್ತು... ಮೂವತ್ತು... ಇಪ್ಪತ್ತು... ಹತ್ತು..." ಚಕ್ರ ನೆಲಕ್ಕೆ ತಾಗಿದ್ದೇ ತಡ, ಟಯರುಗಳೆಲ್ಲ ಒಡೆದು ವಿಮಾನ ಮೂಗೂರಿ ನಿಂತಿತು.

ಮಗಳು ಮೇಜಿನ ಕೆಳಗೆ ಬಗ್ಗಿ ನೋಡಿದಳು. "ಅಪ್ಪ, ಗಾಳಿಯಲ್ಲಿರುವಾಗ್ಲೇ ಬ್ರೇಕ್ ತುಳಿದಿದ್ದೀರಿ! ಈಗ್ಲೂ ತುಳೀತಾನೇ ಇದ್ದೀರಿ!"

ಕಾರಣ ನನಗೆ ತಕ್ಷಣ ಹೊಳೆಯಿತು. ಕಾರನ್ನು ಹಿಂದಕ್ಕೆ ತಂದು ನಿಲ್ಲಿಸುವ ಪಾಠದಲ್ಲಿ ಗೋಡೆ ಎಷ್ಟು ದೂರವಿದೆಯೆಂದು ಮೇಷ್ಟ್ರು ಅಡಿ ಎಣಿಸುತ್ತಾರೆ: ಹತ್ತು, ಎಂಟು, ಐದು... ಗೋಡೆ ಹತ್ತಿರ ಬಂತೆಂದರೆ ಯಾವ ಶಿಷ್ಯನನ್ನೂ ನಂಬದೆ ತಾವೇ ತುಳಿಯುತ್ತಾರೆ. ಇಪ್ಪತ್ತಾರು ವರ್ಷ ಇಳಿಯುವ ಅಂಕಿ ಕೇಳಿ ಕೇಳಿ ಆ ಕಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು.

ಎರಡನೆಯ ಸುತ್ತಿಗೆ ಮೇಷ್ಟ್ರು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬ್ರೇಕೇನೋ ಬೀಳಲಿಲ್ಲ, ಆದರೆ ಮೂತಿ ತಿರುಗಿಸಲೂ ಕಾಲೇ ಬೇಕಲ್ಲ. ಅಡ್ಡಗಾಳಿಗೆ ವಿಮಾನ ವಾರೆಯಾಗಿ ಹುಲ್ಲಿಗೆ ಇಳಿದು, ಅಲ್ಲಿ ನಿಂತಿದ್ದ ಪೆಟ್ರೋಲ್ ಟ್ಯಾಂಕರಿನ ಪಕ್ಕ ಹೋಗದೆ ನೇರವಾಗಿ ಅದರೊಳಗೇ ಹೋಯಿತು.

"ಅದೂ ಒಂಥರಾ ಪಾರ್ಕಿಂಗೇ ಬಿಡಿ," ಎಂದೆ. ಯಾರೂ ನಗಲಿಲ್ಲ. ಮೇಷ್ಟ್ರ ಕೈ ಇನ್ನೂ ಹಿಡಿಯ ಮೇಲೇ ಇತ್ತು. ಏಳು ತಿಂಗಳಲ್ಲಿ ಅವರು ಮೊದಲ ಸಲ ಪೆಚ್ಚಾಗಿ ಕಂಡರು.

"ಏಳಿ," ಎಂದರು ಹೆಂಡತಿ.

"ಇನ್ನೊಂದು ಸಲ ಇದೆ ಕಣೇ."

"ಗೊತ್ತು. ಅದನ್ನ ನಂಗೆ ಕೊಡಿ."

ಆಕೆ ಕೈ ಒರೆಸಿಕೊಂಡು ಕೂತರು. ಮಗಳು ಧ್ವನಿ ನಿಲ್ಲಿಸಿದಳು. "ಅಮ್ಮ ಓಡಿಸ್ತಾ ಅಮ್ಮನೇ ಕೂಗಿದ್ರೆ ದೆವ್ವ ಮೆಟ್ಟಿದ ಹಾಗಿರುತ್ತೆ. ಅಪ್ಪ, ನೀವು ಹೇಳಿ."

ಮೇಷ್ಟ್ರು ಪಕ್ಕಕ್ಕೊಂದು ಕುರ್ಚಿ ಎಳೆದುಕೊಂಡರು. ಕೂತ ಕ್ಷಣದಲ್ಲೇ ಅವರ ಬೆನ್ನು ನೆಟ್ಟಗಾಯಿತು, ದನಿ ಬದಲಾಯಿತು. "ಗಟ್ಟಿಯಾಗಿ ಹಿಡೀಬೇಡ, ಅದೇನು ಓಡಿಹೋಗಲ್ಲ. ಎಂಬತ್ತು. ನೂರು. ಹಾಂ, ಈಗ ಮೆಲ್ಲಗೆ ಎಳಿ. ಶಭಾಷ್!" ತಿರುವು ಬಂದಾಗ "ಇಂಡಿಕೇಟರ್ ಹಾಕು," ಎಂದೂ ಹೇಳಿದರು; ಆಕೆ ಹುಡುಕಲಿಲ್ಲ. ಸಾವಿರ. ಐನೂರು. ಕುಕ್ಕರ್ ಇಲ್ಲದೆ ಏನೋ ಖಾಲಿ ಎನಿಸಿತು. "ಐವತ್ತು. ದೂರ ನೋಡು, ಹತ್ತಿರ ನೋಡ್ಬೇಡ. ಮೂವತ್ತು. ಮೂಗು ಎತ್ತು... ಸಾಕು! ಇಪ್ಪತ್ತು. ಹತ್ತು." ಮೇಷ್ಟ್ರ ಬಲಗಾಲು ಬರಿ ನೆಲವನ್ನು ಬಲವಾಗಿ ತುಳಿಯಿತು. ನೆಲಕ್ಕೆ ಏನೂ ಆಗಲಿಲ್ಲ. ಅದುರುವ ದವಡೆಗಳ ನಡುವೆ ನಳಿಗೆ ಹಿಡಿದು ಪಳಗಿದ ಕೈ ವಿಮಾನವನ್ನು, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಇಳಿಸಿತು.

ಮಗಳು ಕಿರುಚಿದಳು. ಮೇಷ್ಟ್ರು ಎದ್ದು ಪ್ಲಗ್ಗಿಗೆ ಕೈ ಹಾಕಿದರು. "ಇಳಿಸಿದ್ದು ನಾನಲ್ಲ. ಮಾತು ಅಂದ್ರೆ ಮಾತು. ಮೇಜು ನಿಂದು."

"ಮೇಜು ನಂದೇ, ಅದರಲ್ಲಿ ಎರಡು ಮಾತಿಲ್ಲ," ಎಂದರು ಹೆಂಡತಿ, ಕುರ್ಚಿಯಿಂದ ಏಳದೆ. "ಆದ್ರೆ ಅಟ್ಟಕ್ಕೆ ಹಾಕ್ಬೇಡಿ. ಮಲಗೋ ಕೋಣೇಲಿ ನನ್ನ ಹೊಲಿಗೆ ಮೆಷಿನ್ ಎತ್ತಿದ್ರೆ ಎರಡು ಕುರ್ಚಿ ಹಿಡಿಯುತ್ತೆ. ಅಲ್ಲ ರೀ, ಮೂವತ್ತಕ್ಕೆ ಮೂಗು ಎತ್ತು ಅಂದ್ರಲ್ಲ, ಎಷ್ಟು ಎತ್ತಬೇಕಿತ್ತು?"

ಮೇಷ್ಟ್ರು ಪ್ಲಗ್ ಬಿಟ್ಟು, ಅಂಗೈಯನ್ನೇ ವಿಮಾನ ಮಾಡಿ ತೋರಿಸತೊಡಗಿದರು.

ಅಂದು ಮಧ್ಯಾಹ್ನ ನಾವೆಲ್ಲ ಮೇಜಿನ ಮೇಲೆ ತಟ್ಟೆಯಿಟ್ಟು ಉಂಡೆವು. ತಿಂಗಳು ಕಳೆದ ಮೇಲೆ ಮೆಟ್ಟಿಲ ಬಳಿ ಸಿಕ್ಕಾಗ, "ಕೊನೆಗೂ ಪಕ್ಕದ ಸೀಟೇ ಗತಿಯಾಯ್ತಲ್ಲ ಮೇಷ್ಟ್ರೇ?" ಎಂದು ಕೆಣಕಿದೆ.

"ನಿಮಗೆ ಗೊತ್ತಿಲ್ಲ," ಎಂದರು ಅವರು ಗಂಭೀರವಾಗಿ. "ವಿಮಾನದಲ್ಲಿ ಪಕ್ಕದ ಸೀಟಿಗೂ ಒಂದು ಹಿಡಿ ಕೊಟ್ಟಿರ್ತಾರೆ. ಕಾರಲ್ಲಿ ನನಗೆ ಬರೀ..."

"ರೀ! ಸಾವಿರ ಅಡಿಗೆ ಬಂದೆ, ಎಲ್ಲಿದ್ದೀರಿ?" ಒಳಗಿನಿಂದ ಕೂಗು ಕೇಳಿತು.

ಮೇಷ್ಟ್ರು ಮಾತನ್ನು ಅಲ್ಲೇ ಬಿಟ್ಟು, ಒಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಓಡಿದರು.